6.4 ಸಿಜಿಪಿಎ ಇಟ್ಟುಕೊಂಡು ಪಿಎಚ್‌ಡಿಗೆ ಹೋಗುವುದು ಹೇಗೆ?

ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಂಗಳದಲ್ಲಿ ಅಡಿಕೆ ಹರಡಿತ್ತು, ಮೇಲೆ ಮೋಡ ಕಟ್ಟಿತ್ತು. ಟರ್ಪಾಲು ಪಕ್ಕದಲ್ಲೇ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದೆ. ಆಗ ಬಂದವನು ಆಚೆಮನೆಯ ಹುಡುಗ. ಸಿವಿಲ್ ಇಂಜಿನಿಯರಿಂಗ್, ಏಳನೇ ಸೆಮಿಸ್ಟರ್. ಕೈಯಲ್ಲಿ ಫೋನು, ಫೋನಿನಲ್ಲಿ ಆರು ಸೆಮಿಸ್ಟರಿನ ಗ್ರೇಡ್ ಕಾರ್ಡು. ಎಲ್ಲ ಸೆಮಿಸ್ಟರಿನ ಗ್ರೇಡುಗಳ ಸರಾಸರಿ, ಹತ್ತಕ್ಕೆ ಎಷ್ಟು ಅಂತ, ಅದೇ ಸಿಜಿಪಿಎ.

“ಅಕ್ಕಾ, ನನಗೆ ಪಿಎಚ್‌ಡಿ ಮಾಡ್ಬೇಕು ಅಂತ ಉಂಟು. ಆದ್ರೆ ಸಿಜಿಪಿಎ 6.4. ಅದಕ್ಕೆಲ್ಲ ಒಂಬತ್ತು ಬೇಕು ಅಂತ ಕ್ಲಾಸಲ್ಲಿ ಹೇಳ್ತಾರೆ. ಸುಮ್ನೆ ಆಸೆ ಇಟ್ಕೊಳ್ಳುದಾ, ಬಿಡುದಾ?”

ಈ ಪ್ರಶ್ನೆ ನನಗೆ ಹೊಸತಲ್ಲ. ವರ್ಷಕ್ಕೆ ಇಬ್ಬರು ಮೂವರಾದರೂ ಕೇಳುತ್ತಾರೆ. ಮಂಜೇಶ್ವರದಿಂದ ಒಬ್ಬರು, ಮುಳ್ಳೇರಿಯದಿಂದ ಇನ್ನೊಬ್ಬರು. ನನ್ನನ್ನೇ ಕೇಳುವುದಕ್ಕೂ ಕಾರಣ ಇದೆ. ನನ್ನ ಬಿ.ಟೆಕ್ ಅಂಕ ಶೇಕಡಾ 61. ಆಗ ನಮಗೆ ಸಿಜಿಪಿಎ ಇರಲಿಲ್ಲ. ಹತ್ತನೇವರೆಗೆ ಕನ್ನಡ ಮಾಧ್ಯಮ. ಮೊದಲ ವರ್ಷದ ಗಣಿತವನ್ನು ಎರಡನೇ ಸಲ ಬರೆದು ಪಾಸು ಮಾಡಿದವಳು ನಾನು. ಆಮೇಲೆ ಪಿಎಚ್‌ಡಿ ಆಯಿತು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ಕೂತದ್ದೂ ಉಂಟು. ಅಲ್ಲಿಂದ ನೋಡಿದಾಗ ಸಿಜಿಪಿಎ ಬೇರೆಯೇ ಕಾಣುತ್ತದೆ.

ಆ ನಂಬರು ಎರಡು ಸಲ ಮಾತ್ರ ಕೆಲಸ ಮಾಡುತ್ತದೆ. ಮೊದಲು ಗೇಟಿನ ಹಾಗೆ. ಇಷ್ಟು ಇದ್ದರೆ ಅರ್ಜಿ ಒಳಗೆ, ಇಲ್ಲದಿದ್ದರೆ ಹೊರಗೆ. ಅಲ್ಲಿ ವಾದ ನಡೆಯುವುದಿಲ್ಲ. ಗೇಟು ದಾಟಿದ ಮೇಲೆ ಅದು ಒಂದು ಪ್ರಶ್ನೆಯಾಗುತ್ತದೆ. “ಯಾಕಪ್ಪಾ ಇಷ್ಟೇ?” ಅಂತ. ಆ ಪ್ರಶ್ನೆಗೆ ಉತ್ತರ ಕೊಡಲು ನಿಮ್ಮ ಹತ್ತಿರ ಬೇರೆ ಕಾಗದಗಳು ಇರಬೇಕು. ಹೆಚ್ಚಿನ ಹುಡುಗರು ಈ ಎರಡನ್ನೂ ಒಂದೇ ಅಂದುಕೊಂಡು ಗೇಟಿನ ಹತ್ತಿರವೂ ಹೋಗದೆ ವಾಪಸ್ ಬರುತ್ತಾರೆ.

ಗೇಟು ಎಲ್ಲ ಕಡೆ ಒಂದೇ ಎತ್ತರ ಇಲ್ಲ

ನಮ್ಮ ರಾಜ್ಯ ವಿಶ್ವವಿದ್ಯಾಲಯಗಳೆಲ್ಲ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಕೆಳಗೆ ಬರುತ್ತವೆ. 2022ರ ಯುಜಿಸಿ ನಿಯಮ ಹೇಳುವುದು ಹೀಗೆ: ಸ್ನಾತಕೋತ್ತರ ಪದವಿ ಇದ್ದರೆ ಅದರಲ್ಲಿ ಶೇಕಡಾ 55 ಸಾಕು. ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಪಿಎಚ್‌ಡಿಗೆ ಬರುವುದಾದರೆ ಶೇಕಡಾ 75 ಬೇಕು. ಪರಿಶಿಷ್ಟರು, ಕೆನೆಪದರದಲ್ಲಿಲ್ಲದ ಹಿಂದುಳಿದವರು, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ 5ರಷ್ಟು ರಿಯಾಯಿತಿ. ಅಂದರೆ ಬಿ.ಟೆಕ್‌ನಲ್ಲಿ 6.4 ಇದ್ದವರಿಗೆ ನೇರ ಪಿಎಚ್‌ಡಿ ಇಲ್ಲಿ ಮುಚ್ಚಿದ ಬಾಗಿಲು. ಅದನ್ನು ಬಡಿದು ಪ್ರಯೋಜನ ಇಲ್ಲ. ಎಂ.ಟೆಕ್ ಮಾಡಿ ಬಂದರೆ ಅದೇ ಬಾಗಿಲು ತೆರೆಯುತ್ತದೆ.

ಐಐಟಿ, ಎನ್‌ಐಟಿಗಳದ್ದು ಅವುಗಳದೇ ನಿಯಮ. ಎಂ.ಟೆಕ್ ಆದವರಿಗೆ ಸಾಮಾನ್ಯವಾಗಿ ಶೇಕಡಾ 60 ಅಥವಾ 6.5ರ ಆಸುಪಾಸು ಕೇಳುತ್ತಾರೆ. ಪರಿಶಿಷ್ಟರಿಗೆ ಇನ್ನೂ ಸ್ವಲ್ಪ ಕಡಿಮೆ. ಕೆಲವು ವಿಭಾಗಗಳು ಬಿ.ಟೆಕ್‌ನಲ್ಲೂ ಪ್ರಥಮ ದರ್ಜೆ ಬೇಕು ಅನ್ನುತ್ತವೆ, ಕೆಲವು ಅನ್ನುವುದಿಲ್ಲ. ಜಾಹೀರಾತಿನ ಸಣ್ಣ ಅಕ್ಷರಗಳನ್ನು ಓದಲೇಬೇಕು. ತಮಾಷೆ ಏನು ಗೊತ್ತಾ? ಎಲ್ಲರೂ ಹೆದರುವ ಬೆಂಗಳೂರಿನ ಐಐಎಸ್‌ಸಿ ಸಂಶೋಧನಾ ಕೋರ್ಸುಗಳಿಗೆ ಕಾಗದದ ಮೇಲೆ ಕೇಳುವುದು ದ್ವಿತೀಯ ದರ್ಜೆ ಮಾತ್ರ. ಜೊತೆಗೆ ಗೇಟ್ (GATE) ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆಯ ಅಂಕ. ನಾನು ಹೇಳುತ್ತಿರುವ ಗೇಟು ಬೇರೆ, ಈ ಪರೀಕ್ಷೆ ಬೇರೆ. ನಿಜವಾದ ಜರಡಿ ಇರುವುದು ಆಮೇಲೆ, ಶಾರ್ಟ್‌ಲಿಸ್ಟ್ ಮತ್ತು ಸಂದರ್ಶನದಲ್ಲಿ. ಐಐಎಸ್‌ಸಿ ಸುಲಭ ಅಂತ ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ದೊಡ್ಡ ಹೆಸರು ಇದ್ದಲ್ಲಿ ಗೇಟೂ ಎತ್ತರ ಇರಬೇಕು ಅಂತ ಇಲ್ಲ, ಅಷ್ಟೆ.

ಇನ್ನು ಎಂ.ಟೆಕ್‌ನ ಗೇಟು. ಎನ್‌ಐಟಿಗಳ ಎಂ.ಟೆಕ್ ಸೀಟು ಹಂಚುವ ಸಿಸಿಎಂಟಿ ಕೌನ್ಸೆಲಿಂಗ್‌ಗೆ 6.5 ಸಿಜಿಪಿಎ ಅಥವಾ ಶೇಕಡಾ 60 ಬೇಕು. ಪರಿಶಿಷ್ಟರಿಗೆ 6.0 ಅಥವಾ 55. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ಕನಿಷ್ಠ ಮಟ್ಟ ಇದಕ್ಕಿಂತ ಕೆಳಗೆ, ಶೇಕಡಾ 50. ಹಾಗಾಗಿ 6.5 ಮುಟ್ಟದವರಿಗೂ ಬೇರೆ ಕಾಲೇಜುಗಳಲ್ಲಿ ಎಂ.ಟೆಕ್ ಸಿಗುವ ದಾರಿ ಇದೆ. ಆದರೆ ಎನ್‌ಐಟಿಯ ಲ್ಯಾಬು, ಅಲ್ಲಿನ ಗೈಡು, ಇವು ಬೇಕು ಅಂದರೆ 6.5 ದಾಟಬೇಕು.

ಇಷ್ಟು ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. 6.4 ಅಲ್ವಾ. ನಾನು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ಅವನ ಕೋರ್ಸು ಒಟ್ಟು 160 ಕ್ರೆಡಿಟ್ ಅಂತ ಇಟ್ಟುಕೊಳ್ಳೋಣ. ಆರು ಸೆಮಿಸ್ಟರಿಗೆ 120 ಮುಗಿದಿದೆ. 120ನ್ನು 6.4ರಿಂದ ಗುಣಿಸಿದರೆ 768. ಕೊನೆಗೆ 6.5 ಆಗಬೇಕಾದರೆ ಒಟ್ಟು 1,040 ಬೇಕು. ಉಳಿದದ್ದು 272. ಅದನ್ನು ಬಾಕಿ 40 ಕ್ರೆಡಿಟ್‌ಗೆ ಹಂಚಿದರೆ 6.8. ಅಂದರೆ ಮುಂದಿನ ಎರಡು ಸೆಮಿಸ್ಟರಿನಲ್ಲಿ ಸರಾಸರಿ 6.8 ತೆಗೆದರೆ ಗೇಟು ದಾಟಿದ ಹಾಗೆ. ಅವನು ಆರನೇ ಸೆಮಿಸ್ಟರಿನಲ್ಲಿ ಆಗಲೇ 7.3 ತೆಗೆದಿದ್ದ!

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ತೋರಿಸಿದೆ. ಜೀವ ಬಿಟ್ಟು ಓದಿ ಎರಡರಲ್ಲೂ 8.5 ತೆಗೆದ ಅನ್ನಿ. ಆಗಲೂ ಕೊನೆಯ ಸಿಜಿಪಿಎ 6.93 ಅಷ್ಟೆ. ಏಳೂ ಆಗುವುದಿಲ್ಲ. ಕೊನೆಯ ವರ್ಷದಲ್ಲಿ ನಂಬರನ್ನು ಎತ್ತುವುದು ತುಂಬಿದ ಬಾವಿಗೆ ಒಂದು ಕೊಡ ಬೆಲ್ಲದ ನೀರು ಹಾಕಿದ ಹಾಗೆ. ಹಾಗಾಗಿ ಗೇಟು ದಾಟುವಷ್ಟು ಖಾತ್ರಿ ಮಾಡಿಕೊಂಡು, ಉಳಿದ ಶಕ್ತಿಯನ್ನು ಬೇರೆ ಕಡೆ ಹಾಕುವುದೇ ಜಾಣತನ.

ಒಂದು ಎಚ್ಚರಿಕೆ. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸಲು ಸುಮ್ನೆ ಹತ್ತರಿಂದ ಗುಣಿಸಬೇಡಿ. ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಸೂತ್ರ, ಅದೂ ಸ್ಕೀಮಿನಿಂದ ಸ್ಕೀಮಿಗೆ ಬೇರೆ. ಬೆಳಗಾವಿಯ ವಿಟಿಯು ಹಲವು ವರ್ಷ ಬಳಸಿದ ಸೂತ್ರದಲ್ಲಿ ಸಿಜಿಪಿಎಯಿಂದ 0.75 ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. ಅದರಲ್ಲಿ 6.5 ಅಂದರೆ 57.5! ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರ ಸೀಟಿನಲ್ಲಿ ಓದಿದ ನಮ್ಮ ಕಡೆಯ ಮಕ್ಕಳು ಇದನ್ನು ಗಮನಿಸಬೇಕು. ಗ್ರೇಡ್ ಕಾರ್ಡಿನಲ್ಲಿ ಸಿಜಿಪಿಎ ಇದ್ದರೆ ಅರ್ಜಿಯಲ್ಲೂ ಸಿಜಿಪಿಎಯನ್ನೇ ಬರೆಯಿರಿ. ಶೇಕಡಾವಾರು ಕೇಳಿದರೆ ವಿಶ್ವವಿದ್ಯಾಲಯದ ಪತ್ರ ತೆಗೆದಿಟ್ಟುಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಇದೊಂದರಿಂದ ವಾಪಸ್ ಹೋದವರನ್ನು ನೋಡಿದ್ದೇನೆ.

ಮೇಜಿನ ಆಚೆ ಕೂತವರು ಗ್ರೇಡ್ ಕಾರ್ಡು ಓದುವುದು ಹೇಗೆ

ಅವನ ಆರು ಸೆಮಿಸ್ಟರಿನ ನಂಬರು ಹೀಗಿತ್ತು: 5.4, 5.9, 6.2, 6.6, 7.0, 7.3. ಇದರ ಸರಾಸರಿಯೇ 6.4. ಇನ್ನೊಬ್ಬ ಹುಡುಗನದ್ದು ಇದನ್ನೇ ತಿರುಗಿಸಿ ಬರೆದ ಹಾಗಿದ್ದರೆ? 7.3ರಿಂದ ಶುರುವಾಗಿ 5.4ಕ್ಕೆ ಇಳಿದದ್ದು. ಸಿಜಿಪಿಎ ಅದೇ 6.4. ಆದರೆ ಇಬ್ಬರೂ ಒಂದೇ ಅಂತ ಯಾವ ಮೇಷ್ಟ್ರೂ ಹೇಳುವುದಿಲ್ಲ. ಮೊದಲನೆಯವನು ಮೆಟ್ಟಿಲು ಹತ್ತುತ್ತಿದ್ದಾನೆ. ಎರಡನೆಯವನಿಗೆ ಏನೋ ಆಗಿದೆ, ಕೇಳಬೇಕು.

ಮೆಟ್ಟಿಲಾದ ಮೇಲೆ ನೋಡುವುದು ವಿಷಯಗಳನ್ನು. ನೀರಿನ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂತ ಬಂದವನಿಗೆ ಹೈಡ್ರಾಲಿಕ್ಸ್‌ನಲ್ಲಿ ಒಳ್ಳೆ ಗ್ರೇಡ್ ಇದ್ದರೆ ಇಂಜಿನಿಯರಿಂಗ್ ಗ್ರಾಫಿಕ್ಸ್‌ನ ಗ್ರೇಡನ್ನು ಯಾರೂ ಎತ್ತುವುದಿಲ್ಲ. ಗಣಿತ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಬಿದ್ದಿದ್ದರೆ ಎಬ್ಬಿಸಿ ನಿಲ್ಲಿಸಿದ್ದಕ್ಕೆ ಸಾಕ್ಷಿ ಬೇಕು. ಎನ್‌ಪಿಟೆಲ್ ಅನ್ನುವ ಜಾಲತಾಣದಲ್ಲಿ ಐಐಟಿ ಮೇಷ್ಟ್ರುಗಳ ಆನ್‌ಲೈನ್ ಕೋರ್ಸು ಮಾಡಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆದು ಒಳ್ಳೆಯ ಅಂಕ ತಂದರೆ ಅದು ಒಂದು ಸಾಕ್ಷಿ. ಆದರೆ ಎಂಟು ಹತ್ತು ಸರ್ಟಿಫಿಕೇಟಿನ ತೋರಣ ಕಟ್ಟಬೇಡಿ. ಬಿದ್ದ ವಿಷಯಕ್ಕೆ ಒಂದು ಸಾಕು.

ಇನ್ನೂ ದೊಡ್ಡ ಸಾಕ್ಷಿ ಗೇಟ್ ಪರೀಕ್ಷೆ. ನಮ್ಮಂಥವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಯಾವ ಕಾಲೇಜು, ಯಾವ ಊರು, ಇಂಟರ್ನಲ್ಸ್ ಹಾಕಿದ್ದು ಯಾರು, ಇದ್ಯಾವುದೂ ಅಲ್ಲಿ ಬರುವುದಿಲ್ಲ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಸ್ಕೋರಿಗೆ ಮೂರು ವರ್ಷ ಆಯುಷ್ಯ. ಬಿ.ಟೆಕ್ ಮೂರನೇ ವರ್ಷದಿಂದಲೇ ಬರೆಯಬಹುದು.

ಅಂಕ ಬೇರೆ, ಸ್ಕೋರು ಬೇರೆ. ಇದು ಹೆಚ್ಚಿನವರಿಗೆ ಗೊಂದಲ. 100ಕ್ಕೆ ಬಂದ ಅಂಕವನ್ನು 1,000ದ ಸ್ಕೋರಿಗೆ ಬದಲಿಸುತ್ತಾರೆ. ಸಾಮಾನ್ಯ ವರ್ಗದ ಅರ್ಹತಾ ಅಂಕ ಪಡೆದವರಿಗೆ 350. ತುತ್ತತುದಿಯ ಶೇಕಡಾ 0.1 ಮಂದಿಯ ಸರಾಸರಿ ಅಂಕಕ್ಕೆ 900. ಉಳಿದವರು ನಡುವೆ, ಗೆರೆ ಎಳೆದ ಹಾಗೆ. ಅರ್ಹತಾ ಅಂಕ 28, ತುದಿಯವರ ಸರಾಸರಿ 80 ಅಂತ ಇಟ್ಟುಕೊಳ್ಳಿ. ನಿಮಗೆ 45 ಬಂತು. 28ರಿಂದ 80ರವರೆಗಿನ 52 ಅಂಕದ ದಾರಿಯಲ್ಲಿ ನೀವು 17 ನಡೆದಿದ್ದೀರಿ. 350ರ ಮೇಲೆ 550ರಲ್ಲಿ ಅಷ್ಟು ಪಾಲು ಸೇರಿಸಿದರೆ ಸ್ಕೋರು ಸುಮಾರು 530. 45 ಅಂಕ ಅಂದರೆ ನಮ್ಮ ಕಣ್ಣಿಗೆ ಫೇಲಿನ ಹತ್ತಿರ. ಇಲ್ಲಿ ಅದು ಗೌರವದ ನಂಬರು.

ಸಿವಿಲ್ ಪತ್ರಿಕೆಯಲ್ಲಿ ಸಾಮಾನ್ಯ ಸಾಮರ್ಥ್ಯಕ್ಕೆ 15, ಗಣಿತಕ್ಕೆ 13, ಉಳಿದ 72 ವಿಷಯಕ್ಕೆ. ಮೊದಲ ವರ್ಷ ಕಾಟ ಕೊಟ್ಟ ಆ ಗಣಿತ ಮತ್ತೆ ಎದುರಿಗೆ ಬಂದು ನಿಲ್ಲುವುದು ಇಲ್ಲೇ. ಅವನು ಫಾರ್ಮು ಹಾಕಿದ್ದ, ಓದು ಶುರು ಮಾಡಿರಲಿಲ್ಲ. ಪರೀಕ್ಷೆ ಫೆಬ್ರವರಿಯಲ್ಲಿ. “ಫಾರ್ಮು ಹಾಕಿದ್ರೆ ಆಗುದಿಲ್ಲ ಮಾರಾಯ” ಅಂದೆ. ನಕ್ಕ.

ಗೇಟ್ ಸ್ಕೋರು ಕೈಗೆ ಬಂದ ಮೇಲೆ ದಾರಿ ಒಂದೇ ಅಲ್ಲ. ಎಂ.ಟೆಕ್ ಮಾಡುವುದು ಒಂದು. ಆಗ ಪಿಎಚ್‌ಡಿ ಅರ್ಜಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಂ.ಟೆಕ್‌ನ ನಂಬರು. ಹಳೆಯ 6.4 ಹಿಂದಿನ ಸಾಲಿಗೆ ಹೋಗುತ್ತದೆ. ಸಂಶೋಧನೆಯ ಎಂ.ಎಸ್. ಅಥವಾ ರಿಸರ್ಚ್ ಎಂ.ಟೆಕ್ ಇನ್ನೊಂದು. ಮದ್ರಾಸ್ ಐಐಟಿಯಲ್ಲಿ, ಐಐಎಸ್‌ಸಿಯಲ್ಲಿ ಇದು ಇದೆ. ಕೋರ್ಸು ಕಡಿಮೆ, ಪ್ರಬಂಧ ಜಾಸ್ತಿ. ಪರೀಕ್ಷೆಯಲ್ಲಿ ಸಾಧಾರಣ, ಲ್ಯಾಬಿನಲ್ಲಿ ಚುರುಕು ಅನ್ನುವವರಿಗೆ ಹೇಳಿ ಮಾಡಿಸಿದ್ದು.

ಮೂರನೆಯದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಪ್ರಾಜೆಕ್ಟ್ ಸ್ಟಾಫ್ ಆಗಿ ಸೇರುವುದು. ಮೇಷ್ಟ್ರುಗಳಿಗೆ ಸರಕಾರದಿಂದ ಪ್ರಾಜೆಕ್ಟ್ ಹಣ ಬಂದಾಗ ಕೆಲಸಕ್ಕೆ ಜನ ಬೇಕಾಗುತ್ತದೆ. ಜಾಹೀರಾತು ಸಂಸ್ಥೆಯ ಜಾಲತಾಣದ ಯಾವುದೋ ಮೂಲೆಯಲ್ಲಿ ಇರುತ್ತದೆ, ಅರ್ಜಿಗೆ ಹದಿನೈದು ದಿನ ಇದ್ದರೆ ಹೆಚ್ಚು. ಒಂದು ವರ್ಷ ಅಲ್ಲಿ ಕೆಲಸ ಮಾಡಿದವನ ಬಗ್ಗೆ ಆ ಮೇಷ್ಟ್ರಿಗೆ ಸಿಜಿಪಿಎ ಹೇಳುವುದಕ್ಕಿಂತ ಎಷ್ಟೋ ಜಾಸ್ತಿ ಗೊತ್ತಿರುತ್ತದೆ. ಹಲವು ಐಐಟಿಗಳಲ್ಲಿ ಪ್ರಾಜೆಕ್ಟ್ ಸ್ಟಾಫ್ ಅಲ್ಲೇ ಪಿಎಚ್‌ಡಿಗೆ ಹೆಸರು ನೋಂದಾಯಿಸುವ ವ್ಯವಸ್ಥೆಯೂ ಇದೆ.

ಇಷ್ಟು ಹೊತ್ತಿಗೆ ಅವನ ಅಪ್ಪ ಎಳನೀರಿನ ಬೊಂಡ ಹಿಡಿದುಕೊಂಡು ಬಂದರು. ಅವರ ಪ್ರಶ್ನೆ ಬೇರೆ. “ಐದಾರು ವರ್ಷ ಓದಿದ್ರೆ ಹೊಟ್ಟೆಗೆಂತ?” ನ್ಯಾಯವಾದ ಪ್ರಶ್ನೆ. ಪಿಎಚ್‌ಡಿ ಮಾಡುವವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಫೆಲೋಶಿಪ್ ಇದೆ, 2023ರ ಜನವರಿಯಿಂದ ಈ ದರ. ಪ್ರಧಾನಮಂತ್ರಿಗಳ ಫೆಲೋಶಿಪ್ 70,000ದಿಂದ ಶುರು, ಆದರೆ ಅದರ ಗೇಟು ಎತ್ತರ. ಸಿಜಿಪಿಎ ಕಡಿಮೆ ಇದ್ದವರು ಮೊದಲೇ ಅದರ ಕನಸು ಕಾಣುವುದು ಬೇಡ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಎಲ್ಲರಿಗೂ ಫೆಲೋಶಿಪ್ ಇರುವುದಿಲ್ಲ, ಸೇರುವ ಮೊದಲು ಕೇಳಿಕೊಳ್ಳಬೇಕು. ನಂಬರು ಕೇಳಿದ ಮೇಲೆ ಅವರು ಜಗಲಿಯಲ್ಲೇ ಕೂತರು.

ಶಿಫಾರಸು ಪತ್ರ ಎಲ್ಲಿಂದ ಬರುತ್ತದೆ

ಶಿಫಾರಸು ಪತ್ರಗಳಲ್ಲಿ ಎರಡು ಜಾತಿ. “ಈತ ನನ್ನ ತರಗತಿಯಲ್ಲಿದ್ದ, ಶಿಸ್ತಿನ ಹುಡುಗ, ಒಳ್ಳೆಯದಾಗಲಿ” ಅನ್ನುವುದು ಒಂದು. ಅದನ್ನು ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. “ಈತ ನಾಲ್ಕು ತಿಂಗಳು ನನ್ನ ಲ್ಯಾಬಿನಲ್ಲಿದ್ದ. ಪಂಪು ಕೈಕೊಟ್ಟಾಗ ತಾನೇ ಬಿಚ್ಚಿ ಸರಿಮಾಡಿದ. ನನ್ನ ಲೆಕ್ಕದಲ್ಲಿದ್ದ ಒಂದು ತಪ್ಪನ್ನು ಹಿಡಿದು ತೋರಿಸಿದ” ಅನ್ನುವುದು ಇನ್ನೊಂದು. ಎರಡನೆಯದು ಇದ್ದರೆ 6.4 ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಅಂಥ ಪತ್ರ ಕೇಳಿದರೆ ಸಿಗುವುದಿಲ್ಲ. ಅದರಲ್ಲಿ ಬರೆಯಲು ಏನಾದರೂ ನಡೆದಿರಬೇಕು. ಹಾಗಾಗಿ ಕೊನೆಯ ವರ್ಷದ ಪ್ರಾಜೆಕ್ಟನ್ನು ಯಾರಿಂದಲೋ ದುಡ್ಡು ಕೊಟ್ಟು ಮಾಡಿಸುವವರನ್ನು ಕಂಡರೆ ನನಗೆ ಸಂಕಟ. ಕೈಯಲ್ಲಿದ್ದ ಒಂದೇ ತುರುಪು ಎಲೆಯನ್ನು ಅವರು ಎಸೆಯುತ್ತಾರೆ.

ಬೇಸಿಗೆಯ ಇಂಟರ್ನ್‌ಶಿಪ್ಪುಗಳಿವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಎರಡು ತಿಂಗಳದ್ದು. ಸುರತ್ಕಲ್‌ನ ಎನ್‌ಐಟಿಕೆ ನಮಗೆ ಒಂದು ರೈಲಿನ ದೂರ. ಕಾಸರಗೋಡಿನಲ್ಲೇ ಸಿಪಿಸಿಆರ್‌ಐ ಇದೆ. ತೆಂಗು ಅಡಿಕೆಯ ಸಂಶೋಧನೆ ಅಂದ ಕೂಡಲೇ ಇಂಜಿನಿಯರಿಗೆ ಅಲ್ಲಿ ಏನು ಕೆಲಸ ಅಂದುಕೊಳ್ಳಬೇಡಿ. ಒಣಗಿಸುವ ಯಂತ್ರ, ನೀರಾವರಿ, ನಾರಿನ ವಸ್ತುಗಳು ಎಲ್ಲ ಇಂಜಿನಿಯರಿಂಗೇ.

“ನನಗೆ ಪ್ರಾಜೆಕ್ಟ್ ಟಾಪಿಕ್ಕೇ ಸಿಕ್ಕಿಲ್ಲ ಅಕ್ಕಾ” ಅಂದ. ಅವರ ಮನೆಗೆ ನೀರು ಬರುವುದು ಎಲ್ಲಿಂದ ಅಂತ ಕೇಳಿದೆ. “ಸುರಂಗದಿಂದ.” ಅಷ್ಟು ಹೇಳಿ ಸುಮ್ಮನಾದ.

ಇಲ್ಲಿ ನನ್ನದೇ ಕತೆ ಹೇಳಬೇಕು. ನನ್ನ ಮೊದಲ ಸಂದರ್ಶನ ಹಾಳಾಗಿ ಹೋಯಿತು. “ನಿನ್ನ ಇಷ್ಟದ ವಿಷಯ ಯಾವುದು?” ಅಂತ ಕೇಳಿದರು. ಎಲ್ಲವೂ ಇಷ್ಟ ಅಂದೆ. ಪೆದ್ದು ಉತ್ತರ. ಹಾಗಂದರೆ ಎಲ್ಲಿಂದ ಬೇಕಾದರೂ ಕೇಳಿ ಅಂತ ಅರ್ಥ. ಅವರು ಕೇಳಿದರು, ನಾನು ಬೆವರಿದೆ. ಹತ್ತು ನಿಮಿಷಕ್ಕೆ ಹೊರಗೆ. ಎರಡನೇ ಕಡೆ ಹೋಗುವಾಗ ಬುದ್ಧಿ ಬಂದಿತ್ತು. ಮಣ್ಣು ಮತ್ತು ನೀರು, ಎರಡೇ ವಿಷಯ ಅಂದೆ. ಬೋರ್ಡಿನ ಹತ್ತಿರ ಕರೆದರು. ಡಾರ್ಸಿಯ ನಿಯಮ ಬರೆಸಿದರು. ಮಣ್ಣಿನೊಳಗೆ ನೀರು ಹರಿಯುವ ವೇಗ ಎರಡರ ಮೇಲೆ ನಿಂತಿದೆ. ಮಣ್ಣು ಎಷ್ಟು ನೀರು ಬಿಡುತ್ತದೆ, ಮತ್ತು ನೀರಿನ ಮಟ್ಟ ಎಷ್ಟು ಇಳಿಜಾರಾಗಿದೆ. ಬರೆದೆ. ಒಬ್ಬರು ನನ್ನ ಅರ್ಜಿ ತಿರುವಿ ಹಾಕಿ, “ಕಾಸರಗೋಡಾ? ಅಲ್ಲಿ ಸುರಂಗ ಅಂತ ಏನೋ ಇದೆಯಂತಲ್ಲ. ಅದರ ಚಿತ್ರ ಬರಿ” ಅಂದರು.

ಬರೆಯದೆ ಇರುತ್ತೇನಾ? ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಬಾಯಿ. ಮುರಕಲ್ಲಿನೊಳಗೆ ಅಡ್ಡಡ್ಡ ಕೊರೆದ ದಾರಿ. ನೀರು ತಾನಾಗಿ ಹೊರಗೆ ಹರಿಯಲು ಬಾಯಿಯ ಕಡೆಗೆ ಸಣ್ಣ ಇಳಿಜಾರು. ಒಳಗೆ ದೀಪ ಹಿಡಿದುಕೊಂಡೇ ಅಗೆಯುತ್ತಾರೆ, ದೀಪ ಆರಿದರೆ ಗಾಳಿ ಇಲ್ಲ ಅಂತ ಲೆಕ್ಕ. ಹೊರಗೆ ಅಡಿಕೆ ಮರದ ದಂಬೆಯಲ್ಲಿ ನೀರು ಅಂಗಳಕ್ಕೆ. “ನೀರು ಅಲ್ಲಿಗೇ ಯಾಕೆ ಬರಬೇಕು?” ಅಂತ ಕೇಳಿದರು. ಮೇಲೆ ತೂತು ತೂತಾದ ಮುರಕಲ್ಲು, ಮಳೆನೀರು ಅದರೊಳಗೆ ಬೇಗ ಇಳಿಯುತ್ತದೆ. ಕೆಳಗೆ ಶೇಡಿ ಮಣ್ಣು, ನೀರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ನೀರು ಶೇಡಿಯ ಮೇಲೆ ನಿಂತು ಪಕ್ಕಕ್ಕೆ ಸರಿಯುತ್ತದೆ. ಸುರಂಗ ಅದನ್ನು ದಾರಿಯಲ್ಲೇ ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಏಪ್ರಿಲಿಗೆ ನೀರಿಲ್ಲ ಯಾಕೆ ಅಂತಲೂ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಶೇಡಿಯ ಒಳಗಿನ ಹರಿವಿನ ಬಗ್ಗೆ ಕೇಳಿದಾಗ “ಗೊತ್ತಿಲ್ಲ ಸರ್, ಆದರೆ ಹೀಗೆ ಅಳೆಯಬಹುದು ಅನಿಸ್ತದೆ” ಅಂದೆ. ನಲವತ್ತು ನಿಮಿಷ ಆಗಿತ್ತು. ನನ್ನ 61ರ ಬಗ್ಗೆ ಕೇಳಿದ್ದು ಒಂದೇ ಒಂದು ಸಲ, ಅದೂ ಕೊನೆಗೆ.

ಇದು ಅದೃಷ್ಟ ಅಂತ ಯಾರಾದರೂ ಹೇಳಿದರೆ ಅರ್ಧ ಒಪ್ಪುತ್ತೇನೆ. ಆದರೆ ಸಂದರ್ಶನದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಬುಡದ ಪಾಠದಿಂದ ಶುರು ಮಾಡಿ, ನಿಮಗೆ ಗೊತ್ತಿರುವ ಅಂಚಿನವರೆಗೆ ಕರೆದುಕೊಂಡು ಹೋಗುತ್ತಾರೆ. ಅಂಚಿನಲ್ಲಿ ನಿಂತಾಗ ನೀವು ಏನು ಮಾಡುತ್ತೀರಿ ಅಂತ ನೋಡುತ್ತಾರೆ. ಬಾಯಿಪಾಠದವರು ಅಲ್ಲಿ ಜಾರುತ್ತಾರೆ, 9.2 ಇದ್ದವರೂ ಸಹ. ಎರಡು ವಿಷಯ ಆರಿಸಿ, ಅವುಗಳ ಮೊದಲ ಮೂರು ಅಧ್ಯಾಯವನ್ನು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಬರೆಯಲು ಕಲಿಯಿರಿ. ಇಂಗ್ಲಿಷು ತಡವರಿಸಿದರೆ ಪರವಾಗಿಲ್ಲ, ಚಿತ್ರ ಬರೆಯಿರಿ. ಕನ್ನಡ ಮಾಧ್ಯಮದವರಿಗೆ ನಾನು ಹೇಳುವುದು ಯಾವಾಗಲೂ ಇದನ್ನೇ.

ಬರೆಯುವ ಎರಡು ಕಾಗದ

ಮೇಷ್ಟ್ರಿಗೆ ಮೊದಲ ಇಮೇಲ್ ಬರೆಯುವುದು ಹೇಗೆ ಅಂತ ಅವನು ಕೇಳಿದ. ಅವನು ಬರೆದಿಟ್ಟದ್ದನ್ನು ತೋರಿಸಿದ. “ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಮಚ್ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ರಿಸರ್ಚ್.” ಯಾವ ರಿಸರ್ಚು? ಅದರಲ್ಲಿ ಎಲ್ಲೂ ಇಲ್ಲ. ಅದೇ ಇಮೇಲು ಮೆಕ್ಯಾನಿಕಲ್‌ನವರಿಗೂ ಹೋಗಬಹುದು, ಕೆಮಿಕಲ್‌ನವರಿಗೂ ಹೋಗಬಹುದು. ಇಂಥದ್ದು ಮೇಷ್ಟ್ರುಗಳಿಗೆ ದಿನಾ ಬರುತ್ತದೆ, ಅಳಿಸಿ ಮುಂದೆ ಹೋಗುತ್ತಾರೆ.

ಎಂಟು ಸಾಲು ಸಾಕು. ಅವರ ಒಂದು ಪೇಪರನ್ನು ನಿಜವಾಗಿ ಓದಿರಬೇಕು. ಅದರಲ್ಲಿ ನಿಮಗೆ ಹೊಳೆದ ಒಂದು ಸಂಶಯ ಬರೆಯಿರಿ. ನೀವು ಕೈಯಾರೆ ಮಾಡಿದ ಒಂದು ಕೆಲಸ ಬರೆಯಿರಿ, ಅಳತೆ ಸಮೇತ. ಜುಲೈಗೋ ಡಿಸೆಂಬರಿಗೋ ಅವರ ಗುಂಪಿನಲ್ಲಿ ಜಾಗ ಇದೆಯಾ ಅಂತ ಕೇಳಿ. ಮುಗಿಯಿತು. ಸಿಜಿಪಿಎಯನ್ನು ಇಮೇಲಿನಲ್ಲಿ ಎತ್ತಬೇಡಿ, ರೆಸ್ಯುಮೆಯಲ್ಲಿ ಇರಲಿ. ಮುಚ್ಚಿಡಬೇಡಿ, ಹಾಡಿಕೊಂಡು ಅಳಲೂಬೇಡಿ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಂದು ಸಾಲು ಕಳುಹಿಸಿ. ಅದಕ್ಕೂ ಬರದಿದ್ದರೆ ಬಿಡಿ, ಅವರಿಗೆ ಕೆಲಸ ಇರುತ್ತದೆ. ಐಐಟಿ, ಎನ್‌ಐಟಿಗಳಲ್ಲಿ ಆಯ್ಕೆ ಮಾಡುವುದು ಸಮಿತಿ, ಮೇಷ್ಟ್ರು ಒಬ್ಬರೇ ಅಲ್ಲ. ಆದರೆ ಸಮಿತಿಯಲ್ಲಿ ನಿಮ್ಮ ಹೆಸರು ಕೇಳಿದವರು ಒಬ್ಬರು ಇದ್ದರೆ ಒಳ್ಳೆಯದೇ ಅಲ್ವಾ.

ಎರಡನೇ ಕಾಗದ, ಯಾಕೆ ಈ ಸಂಶೋಧನೆ ಅಂತ ಬರೆಯುವ ಹೇಳಿಕೆ. ಅದರಲ್ಲಿ ಕಡಿಮೆ ಗ್ರೇಡಿಗೆ ಎರಡು ವಾಕ್ಯಕ್ಕಿಂತ ಜಾಸ್ತಿ ಜಾಗ ಕೊಡಬೇಡಿ. “ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಮೊದಲ ವರ್ಷ ಇಂಗ್ಲಿಷ್ ಪಾಠ ಹಿಡಿಯಲು ಸಮಯ ಬೇಕಾಯಿತು, 5.4 ಬಂತು. ಆರನೇ ಸೆಮಿಸ್ಟರಿನಲ್ಲಿ 7.3, ಗೇಟ್ ಗಣಿತದಲ್ಲಿ ಹದಿಮೂರಕ್ಕೆ ಇಷ್ಟು.” ಇಷ್ಟೇ. ಅದು ನೆಪ ಅನಿಸುವುದಿಲ್ಲ, ಯಾಕೆಂದರೆ ಹಿಂದೆಯೇ ನಂಬರು ಇದೆ. ಕಾಲೇಜಿನಲ್ಲಿ ಸರಿಯಾಗಿ ಪಾಠ ಮಾಡಲಿಲ್ಲ ಅಂತ ಬರೆದರೆ ಮಾತ್ರ ಕೆಟ್ಟಿತು. ನಿಜವಾಗಿದ್ದರೂ ಬರೆಯಬಾರದು. ಓದುವವರು ಸಹ ಪಾಠ ಮಾಡುವವರೇ.

ವಿದೇಶದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಬಿ.ಟೆಕ್‌ನಿಂದ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಹೆಚ್ಚಿನ ವಿಶ್ವವಿದ್ಯಾಲಯಗಳು 4ಕ್ಕೆ 3.0 ಜಿಪಿಎ ಕೇಳುತ್ತವೆ. ಕೆಲವು ಕಡೆ ಕೊನೆಯ 60 ಕ್ರೆಡಿಟ್‌ಗಳನ್ನು ಬೇರೆಯಾಗಿ ನೋಡುತ್ತಾರೆ, ಮೆಟ್ಟಿಲು ಹತ್ತಿದವರಿಗೆ ಅದು ಲಾಭ. ಮೂರು ಶಿಫಾರಸು ಪತ್ರ ಬೇಕು. ಅರ್ಜಿ ಡಿಸೆಂಬರ್ ಹೊತ್ತಿಗೆ, ಒಂದೊಂದಕ್ಕೆ ನೂರು ಡಾಲರ್ ಆಸುಪಾಸು ಶುಲ್ಕ, ಹಾಗಾಗಿ ಇಪ್ಪತ್ತು ಕಡೆ ಹಾಕುವ ಹುಚ್ಚು ಬೇಡ. ಜರ್ಮನಿಯಲ್ಲಿ ಇಂಜಿನಿಯರಿಂಗ್ ಪಿಎಚ್‌ಡಿ ಬಹುಮಟ್ಟಿಗೆ ಸಂಬಳದ ಕೆಲಸ, ಪ್ರೊಫೆಸರೇ ಸೇರಿಸಿಕೊಳ್ಳುತ್ತಾರೆ. ಆದರೆ ಮೊದಲು ಮಾಸ್ಟರ್ಸ್ ಬೇಕು. ಅಲ್ಲಿ 1 ಒಳ್ಳೆಯದು, 4 ಪಾಸು, ಎಲ್ಲ ಉಲ್ಟಾ. 10ಕ್ಕೆ 6.9 ಇದ್ದು ಪಾಸಿಗೆ 5 ಬೇಕಿದ್ದರೆ ಅವರ ಸೂತ್ರದಲ್ಲಿ 2.86 ಆಗುತ್ತದೆ. ಹಲವು ಮಾಸ್ಟರ್ಸ್ ಕೋರ್ಸುಗಳು 2.5 ಕೇಳುತ್ತವೆ. ಸಾಲ ಮಾಡುವ ಮೊದಲು ಈ ಲೆಕ್ಕ ಹಾಕಿ ನೋಡಿ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಪೇಪರು ಅಚ್ಚು ಹಾಕುವ ಜರ್ನಲ್ಲುಗಳಿವೆ. ಸಿಜಿಪಿಎ ಕಡಿಮೆ ಅಂತ ಹೆದರಿದ ಮಕ್ಕಳೇ ಅವರ ಗಿರಾಕಿಗಳು. ಸಂದರ್ಶನದಲ್ಲಿ ಆ ಜರ್ನಲ್ಲಿನ ಹೆಸರು ನೋಡಿದ ಕೂಡಲೇ ಮೇಜಿನ ಆಚೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. 6.4ನ್ನು ಕ್ಷಮಿಸಬಹುದು, ಇದನ್ನು ಕ್ಷಮಿಸುವುದು ಕಷ್ಟ. ಸೀಟು ಕೊಡಿಸುತ್ತೇವೆ ಅನ್ನುವ ಏಜೆಂಟರ ವಿಷಯವೂ ಅಷ್ಟೇ. ಐಐಟಿ, ಎನ್‌ಐಟಿಗಳ ಪಿಎಚ್‌ಡಿ ಸೀಟು ಮಾರಾಟಕ್ಕಿಲ್ಲ.

ಹನಿ ಬೀಳಲು ಶುರುವಾಯಿತು. ಮೂವರೂ ಸೇರಿ ಅಡಿಕೆ ರಾಶಿ ಮಾಡಿ ಟರ್ಪಾಲು ಹೊದೆಸಿದೆವು. ಹೋಗುವಾಗ ಅವನಿಗೆ ಒಂದೇ ಕೆಲಸ ಹೇಳಿದೆ. ನಿಮ್ಮ ಸುರಂಗದ ಬಾಯಿಯಲ್ಲಿ ವಾರಕ್ಕೊಮ್ಮೆ ಅದೇ ಹೊತ್ತಿಗೆ ಬಕೆಟ್ ಇಡು, ತುಂಬಲು ಎಷ್ಟು ಹೊತ್ತು ಬೇಕು ನೋಡು, ಬರೆದಿಡು. ಮೇ ತಿಂಗಳವರೆಗೆ ಬಿಡಬೇಡ. ಜೊತೆಗೆ ಕಾಲೇಜಿನಲ್ಲಿ ಹೈಡ್ರಾಲಿಕ್ಸ್ ಮೇಷ್ಟ್ರಿಗೆ ತೋರಿಸು.

ಮುಂದಿನ ಭಾನುವಾರ ಫೋನಿಗೆ ಒಂದು ಫೋಟೊ ಬಂತು. ರೂಲು ಹಾಕಿದ ನೋಟ್‌ಬುಕ್ಕಿನ ಪುಟ, ಕನ್ನಡದಲ್ಲೇ ಬರೆದದ್ದು. “ಬೆಳಿಗ್ಗೆ 7. ನಿನ್ನೆ ರಾತ್ರಿ ಮಳೆ ಇಲ್ಲ. ಬಕೆಟ್ 10 ಲೀಟರ್. ಮೊದಲ ಸಲ 48 ಸೆಕೆಂಡ್, ಎರಡನೇ ಸಲ 47, ಮೂರನೇ ಸಲ 48.” ಕೆಳಗೆ ಒಂದು ಪ್ರಶ್ನೆ: “ಅಕ್ಕಾ, ಮೂರು ಸಲ ಅಳೆದದ್ದು ಸಾಕಾ?”